ದೊಡ್ಡಮ್ಮನ ನೆಲ, ಚಿಕ್ಕಮ್ಮನ ಚಾವಣಿ

ಊರಿನವರು ಅವನಿಗೆ ಗೋಡೆ ಡಾಕ್ಟರ್ ಎಂದು ಹೆಸರಿಟ್ಟಿದ್ದರು. ವೈದ್ಯಕೀಯದ ಗಂಧಗಾಳಿ ಇಲ್ಲದ ಮನುಷ್ಯ. ಮೊದಲು ನಲ್ಲಿ, ಪೈಪು ರಿಪೇರಿ ಮಾಡಿಕೊಂಡಿದ್ದ. ಕೈಗೆ ಶಾಖ ಹಿಡಿಯುವ ಕ್ಯಾಮೆರಾ ಬಂದ ಮೇಲೆ ಅದೃಷ್ಟ ಖುಲಾಯಿಸಿತು. ಅದನ್ನು ಗೋಡೆಗೆ ಹಿಡಿದರೆ ಬೆಚ್ಚಗಿರುವ ಜಾಗ ಕೆಂಪಗೆ, ತಣ್ಣಗಿರುವ ಜಾಗ ನೀಲಿಯಾಗಿ ಪರದೆಯ ಮೇಲೆ ಮೂಡುತ್ತದೆ. ಗೋಡೆಯೊಳಗೆ ನೀರು ಕದ್ದು ಹರಿಯುತ್ತಿದ್ದರೆ ಅಲ್ಲೊಂದು ನೀಲಿ ಬಾಲ ಕಾಣಿಸುತ್ತದೆ. ಬಾಲ ಹಿಡಿದು ಹೋದರೆ ಕಳ್ಳ ಸಿಕ್ಕಿದ ಹಾಗೆ. ಮುಂಚೆ ಒಂದು ಸೋರಿಕೆ ಹುಡುಕಲು ಅರ್ಧ ಬಚ್ಚಲು ಒಡೆಯಬೇಕಿತ್ತು; ಈಗ ಒಂದು ಟೈಲ್ ಎಬ್ಬಿಸಿದರೆ ಸಾಕು.

ಆದರೆ ಈ ಯಂತ್ರಕ್ಕೆ ಮಾನ ಮರ್ಯಾದೆ ಗೊತ್ತಿಲ್ಲ. ಮನೆಯವರು ಕೂತ, ಒರಗಿದ, ಮುಟ್ಟಿದ ಜಾಗದಲ್ಲೆಲ್ಲ ಸ್ವಲ್ಪ ಹೊತ್ತು ಮೈಶಾಖ ಉಳಿದಿರುತ್ತದೆ, ಅದನ್ನೂ ತೋರಿಸಿಬಿಡುತ್ತದೆ. "ಅವರು ಊರಲ್ಲಿಲ್ಲ" ಎಂದು ಹೆಂಡತಿ ಹೇಳುತ್ತಿರುವಾಗಲೇ ಕುರ್ಚಿಯಲ್ಲಿ ಗಂಡನ ಬೆನ್ನು ಕೆಂಪಗೆ ಕೂತಿದ್ದನ್ನು ಅವನು ಕಂಡಿದ್ದಾನೆ. ಸಿಹಿ ಮುಟ್ಟಬಾರದೆಂದು ವೈದ್ಯರು ಹೇಳಿದ್ದ ಅಜ್ಜನೊಬ್ಬನ ಐದೂ ಬೆರಳನ್ನು ಸಕ್ಕರೆ ಡಬ್ಬದ ಮೇಲೆ ಕಂಡಿದ್ದಾನೆ. ಆದ್ದರಿಂದ ಅವನದೊಂದು ಕಟ್ಟಪ್ಪಣೆ ಇತ್ತು, ತನಗೆ ತಾನೇ ಹಾಕಿಕೊಂಡದ್ದು: ಒಂದು ಮನೆಯ ಚಿತ್ರ ಇನ್ನೊಂದು ಮನೆಗೆ ತೋರಿಸಕೂಡದು. ತೋರಿಸಿದ್ದರೆ ಊರಲ್ಲಿ ಅರ್ಧಕ್ಕರ್ಧ ಸಂಸಾರ ಉಳಿಯುತ್ತಿರಲಿಲ್ಲ.

ಇಷ್ಟು ದೊಡ್ಡ ಡಾಕ್ಟರು ತನ್ನ ಯಂತ್ರ ಒಯ್ಯದ ಮನೆ ಒಂದೇ ಒಂದು, ಅವನು ಬೆಳೆದ ಮನೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ದಿನಕ್ಕೊಮ್ಮೆ ಚುಚ್ಚುತ್ತಿದ್ದಳು. ಅವನು ಕೇಳಿಸದವನಂತೆ ಕ್ಯಾಮೆರಾದ ಗಾಜು ಒರೆಸುತ್ತಿದ್ದ.

ಒಂದೇ ಮನೆ ಎಂದರೆ ಪೂರ್ತಿ ಸರಿಯಾಗುವುದಿಲ್ಲ, ಒಂದರ ಮೇಲೊಂದು ಎರಡು ಮನೆ. ಅವನು ಇನ್ನೂ ತೆವಳುತ್ತಿದ್ದಾಗ ತಾಯಿ ತೀರಿಕೊಂಡಳು. ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ, ಕಟ್ಟಡದ ಮೇಲಿನ ಮನೆಯಲ್ಲಿದ್ದಳು. ತಾಯಿಯ ತಂಗಿ, ಚಿಕ್ಕಮ್ಮ, ಅದರ ಕೆಳಗಿನದರಲ್ಲಿ. ಮಗು ಮೇಲೆ ಉಂಡು ಕೆಳಗೆ ಮಲಗಿ, ಕೆಳಗೆ ಬೈಸಿಕೊಂಡು ಮೇಲೆ ಅತ್ತು ದೊಡ್ಡದಾಯಿತು. ದೊಡ್ಡಮ್ಮ ಟೈಲರ್, ಅವಳ ಇಸ್ತ್ರಿ ಪೆಟ್ಟಿಗೆ ಎತ್ತಲು ಗಂಡಸರೂ ಎರಡು ಕೈ ಹಾಕಬೇಕು. ಚಿಕ್ಕಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವವರ ಮೇಲ್ವಿಚಾರಕಿ, ಉದ್ದ ಕೋಲಿನ ಒರೆಸುವ ಬಟ್ಟೆ ಹಿಡಿದರೆ ಅವಳ ಮುಂದೆ ಕಲೆ ನಿಲ್ಲುತ್ತಿರಲಿಲ್ಲ. ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಒಬ್ಬ ಹುಡುಗನನ್ನು ಸಾಕುವುದರಲ್ಲೇ ಇಬ್ಬರಿಗೂ ಸಾಕುಸಾಕಾಗಿತ್ತು. ರಜಾದಿನ ಮೂವರೂ ಚಿಕ್ಕಮ್ಮನ ಮನೆಯಲ್ಲಿ ಉಣ್ಣುತ್ತಿದ್ದರು. ಅಂಚು ಮುಕ್ಕಾದ ಹಳೇ ಪಿಂಗಾಣಿ ತಟ್ಟೆಯೊಂದು ಅಲ್ಲಿ ದೊಡ್ಡಮ್ಮನದು. ಬೇರೆ ಯಾರಾದರೂ ಅದರಲ್ಲಿ ಬಡಿಸಿಕೊಂಡರೆ ಅವಳು ಊಟಕ್ಕೆ ಕೂರುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಚಿಕ್ಕಮ್ಮನ ಮಲಗುವ ಕೋಣೆಯ ಚಾವಣಿಯಲ್ಲಿ, ಬಚ್ಚಲ ಗೋಡೆಯ ಪಕ್ಕ, ಒಂದು ಕಲೆ ಕಾಣಿಸಿತು. ಮೊದಲು ಅಂಗೈಯಷ್ಟು, ಆಮೇಲೆ ದಿಂಬಿನಷ್ಟು. ಚಿಕ್ಕಮ್ಮ ಮೆಟ್ಟಿಲು ಹತ್ತಿ ಹೋಗಿ, "ಅಕ್ಕಾ, ನಿನ್ನ ಬಚ್ಚಲು ಸೋರ್ತಾ ಇದೆ" ಅಂದಳು. ದೊಡ್ಡಮ್ಮ ಆಗ ಸೂಜಿಗೆ ದಾರ ಪೋಣಿಸಲಾಗದೆ ಸಿಟ್ಟಿನಲ್ಲಿದ್ದಳು. "ನನ್ನ ಬಚ್ಚಲು ಸೋರಲ್ಲ. ನೀನು ಕಿಟಕಿ ಮುಚ್ಚಿ ಅಡುಗೆ ಮಾಡ್ತೀಯಲ್ಲ, ಆ ಹಬೆ ಹೋಗಿ ಕೂತಿರತ್ತೆ. ಜನ್ಮದಲ್ಲಿ ಒಂದು ಕಿಟಕಿ ತೆಗೆದವಳಲ್ಲ" ಅಂದಳು. ಅಷ್ಟೇ, ಚಿಕ್ಕಮ್ಮ ಮೆಟ್ಟಿಲಿಳಿದು ಬಂದಳು. ಅಂದಿನಿಂದ ಮಾತು ಬಂದ್. ಮೇಲೆ ಲೋಟ ಉರುಳಿದರೆ ಕೆಳಗೆ ಕೇಳುವ, ಕೆಳಗೆ ಕೆಮ್ಮಿದರೆ ಮೇಲೆ ಕೇಳುವ ಹಳೇ ಕಟ್ಟಡ ಅದು. ಅಂಥದ್ದರಲ್ಲಿ ಅಕ್ಕತಂಗಿಯರು ಒಬ್ಬರಿಗೊಬ್ಬರು ಕಿವುಡರಾದರು.

ಇಬ್ಬರೂ ಅವನಿಗೆ ಫೋನ್ ಮಾಡುತ್ತಿದ್ದರು, ಕ್ಯಾಮೆರಾ ತಾ ಎಂದು. ಅವನು ಇತ್ತ ದರಿ ಅತ್ತ ಪುಲಿ ಎಂದು ಕಣ್ಣು ಕಣ್ಣು ಬಿಡುತ್ತಿದ್ದ. ಸೋರಿಕೆ ಮೇಲಿನದು ಎಂದರೆ ದೊಡ್ಡಮ್ಮನ ಮುಖಕ್ಕೆ ಹೊಡೆದಂತೆ. ಅಲ್ಲ ಎಂದರೆ ಚಿಕ್ಕಮ್ಮ ಸುಳ್ಳಿಯಾದಂತೆ. ಇರುವ ಇಬ್ಬರು ತಾಯಂದಿರಲ್ಲಿ ಯಾರನ್ನು ಸೋಲಿಸುವುದು? ಯಂತ್ರ ಕೆಟ್ಟಿದೆ, ಬ್ಯಾಟರಿ ಇಲ್ಲ, ನೆಗಡಿ ಎಂದು ದಿನ ತಳ್ಳಿದ. ಕೊನೆಗೊಂದು ದಿನ ಚಿಕ್ಕಮ್ಮ ಫೋನಿನಲ್ಲಿ ತಣ್ಣಗೆ ಹೇಳಿದಳು: "ಊರಾಚೆ ಮನೆ ನೋಡಿದೀನಿ. ಪಾತ್ರೆ ಕಟ್ಟಿ ಆಯ್ತು. ಬರೋ ವಾರ ಹೋಗ್ತೀನಿ."

ಅಲ್ಲಿಗೆ ಹೋದವಳು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ, ಮೇಲಿರುವವಳು ಇಳಿಯುವುದಿಲ್ಲ. ತಾನು ಒಂದು ಭಾನುವಾರ ಆ ಕಡೆ, ಒಂದು ಭಾನುವಾರ ಈ ಕಡೆ ಅಲೆಯುತ್ತ, ಇಬ್ಬರ ದೂರನ್ನೂ ಹೊತ್ತು ತಿರುಗಬೇಕು. "ನಾಳೆನೇ ಬರ್ತೀನಿ" ಅಂದ.

ಗಿರಾಕಿಗಳಿಗೆ ಹೇಳುವಂತೆ ಇಬ್ಬರಿಗೂ ಬೇರೆ ಬೇರೆಯಾಗಿ ಫೋನಿನಲ್ಲಿ ವಿವರಿಸಿದ: ನಾಳೆ ಬೆಳಗ್ಗೆ ಬಚ್ಚಲಿಗೆ ನೀರು ಹಾಕಬೇಡಿ, ಗೋಡೆ ಮುಟ್ಟಬೇಡಿ, ಒದ್ದೆ ಇದ್ದಲ್ಲಿ ತಣ್ಣಗಿರತ್ತೆ, ನೀಲಿ ಕಾಣತ್ತೆ, ಒಣಗಿದ್ದರೆ ಬೆಚ್ಚಗಿರತ್ತೆ. ಬುದ್ಧಿವಂತ ಎಡವಿದ್ದು ಇಲ್ಲೇ. ಪರೀಕ್ಷೆಯ ಹಿಂದಿನ ದಿನ ಉತ್ತರ ಹೇಳಿಕೊಟ್ಟ ಮೇಷ್ಟರ ಕಥೆಯಾಯಿತು.

ಬೆಳಗ್ಗೆ ಮೊದಲು ಚಿಕ್ಕಮ್ಮನ ಮನೆಗೆ ಹೋದ. ಹಜಾರದ ತುಂಬ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು, ಬರಿದಾದ ಕಪಾಟು. ಚಿಕ್ಕಮ್ಮ ಬಾಗಿಲು ತೆರೆದಾಗ ಅವಳ ತಲೆ, ಎರಡೂ ಹೆಗಲು ಒದ್ದೆಯಾಗಿದ್ದವು.

"ಸ್ನಾನ ಮಾಡಿದೆ" ಅಂದಳು, ಅವನು ಕೇಳುವ ಮೊದಲೇ.

"ಬಟ್ಟೆ ಹಾಕ್ಕೊಂಡಾ?"

"ಬಂದ ಕೆಲಸ ನೋಡು."

ಮಲಗುವ ಕೋಣೆಗೆ ಹೋಗಿ ಕ್ಯಾಮೆರಾ ಎತ್ತಿ ಹಿಡಿದ. ಇಷ್ಟು ವರ್ಷದಲ್ಲಿ ಅಂಥ ಸೋರಿಕೆಯನ್ನು ಅವನು ಕಂಡಿರಲಿಲ್ಲ. ಇಡೀ ಚಾವಣಿ ಕಡುನೀಲಿ. ಕೆರೆಯೊಂದು ತಲೆಕೆಳಗಾಗಿ ನೇತಾಡುವಂತಿತ್ತು. ಒಂದು ಕ್ಷಣ ಕಟ್ಟಡವೇ ಕುಸಿದೀತೆಂದು ಹೆದರಿ ಬಾಗಿಲ ಕಡೆ ಹೆಜ್ಜೆ ಹಾಕಿದ. ಆಮೇಲೆ ಸರಿಯಾಗಿ ನೋಡಿದ. ನೀಲಿಯೆಲ್ಲ ಅಗಲ ಅಗಲ ಪಟ್ಟೆಗಳಲ್ಲಿತ್ತು. ಬಾಗಿಲಿನಿಂದ ಕಿಟಕಿಯವರೆಗೆ ಒಂದು ಪಟ್ಟೆ, ಅಲ್ಲಿಂದ ತಿರುಗಿ ಇನ್ನೊಂದು, ಮೂಲೆಯಲ್ಲಿ ಎರಡು ಸಲ ಒತ್ತಿ ತಿಕ್ಕಿದ ಗುರುತು. ಆಸ್ಪತ್ರೆಯ ಉದ್ದನೆಯ ಪಡಸಾಲೆಯನ್ನು ಹೀಗೇ ಒರೆಸಬೇಕೆಂದು ಹೊಸಬರಿಗೆ ಹೇಳಿಕೊಟ್ಟವಳ ಕೈ ಅದು.

"ಚಿಕ್ಕಮ್ಮ, ಚಾವಣಿ ಒರೆಸಿದೀಯಾ?"

"ಚಾವಣಿ ಯಾರಾದ್ರೂ ಒರೆಸ್ತಾರಾ?" ಎನ್ನುವಾಗ ಮೇಲಿಂದ ಒಂದು ಹನಿ ಅವಳ ಮೂಗಿನ ಮೇಲೆ ಬಿತ್ತು. ಅವಳು ಅದನ್ನು ಗಮನಿಸದವಳಂತೆ ನಿಂತಳು. "ನೋಡು, ನೀನೇ ನೋಡು, ಹೇಗೆ ಸೋರ್ತಾ ಇದೆ. ಇನ್ನೇನು ಸಾಕ್ಷಿ ಬೇಕು ಅವಳಿಗೆ?"

"ಹೀಗಾದ್ರೆ ನಿಜವಾದ ಸೋರಿಕೆ ನಾನು ಹುಡುಕೋದು ಹೇಗೆ?"

"ಅವಳು ಒಪ್ಪಬೇಕಲ್ಲಪ್ಪ. ಸ್ವಲ್ಪ ನೀಲಿ ಇದ್ರೆ ಇಲ್ಲ ಅಂತಾಳೆ. ಅವಳು ಅಕ್ಕ ಅಲ್ವಾ, ಹುಟ್ಟಿದಾಗಿಂದ ಸರಿ ಅವಳೇ." ಇಷ್ಟು ಹೇಳಿ ಅವಳು ಗೋಡೆಯ ಕಡೆ ತಿರುಗಿದಳು. ಧ್ವನಿ ಒಡೆದಿತ್ತು. ಅವನು ಕ್ಯಾಮೆರಾ ಹಿಡಿದು ಮೇಲಕ್ಕೆ ಹೋದ.

ದೊಡ್ಡಮ್ಮ ಬಾಗಿಲು ತೆರೆಯಲು ತುಂಬ ಹೊತ್ತು ತೆಗೆದುಕೊಂಡಳು. ಒಳಗೆ ಮಂಡಿ ಲಟಲಟ ಎಂದದ್ದು ಕೇಳಿಸಿತು. ತೆರೆದಾಗ ನೋಡಿದರೆ ಬೀರುವಿನಲ್ಲಿ ಎತ್ತಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿ ನಿಂತಿದ್ದಳು. ಕ್ಯಾಮೆರಾ ಬರುತ್ತದೆ ಎಂದ ಮೇಲೆ ಸುಮ್ಮನೆ ಇರಲಾಗುತ್ತದೆಯೇ.

"ಮೊದಲು ನಂದೊಂದು ತೆಗಿ" ಎಂದು ಬಾಗಿಲಲ್ಲೇ ನೆಟ್ಟಗೆ ನಿಂತಳು.

ತೆಗೆದು ತೋರಿಸಿದ. ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಮೂಗು ಯಾಕೋ ನೀಲಿ?"

"ಎಲ್ಲರ ಮೂಗೂ ತಣ್ಣಗೇ ಇರತ್ತೆ, ದೊಡ್ಡಮ್ಮ."

"ಕೆಳಗಿನವಳದು?"

"ಅದೂ ನೀಲಿ."

"ಜಾಸ್ತಿ ನೀಲಿ ಯಾರದು?"

ಅವನ ಗಮನ ಬೇರೆ ಕಡೆ ಇತ್ತು. ಚಿತ್ರದಲ್ಲಿ ದೊಡ್ಡಮ್ಮನ ಬಲಗಿವಿ ಎಲ್ಲರ ಕಿವಿಯಂತೆ ಇತ್ತು. ಎಡಗಿವಿ, ಅದರ ಜೊತೆಗೆ ಎಡಗೆನ್ನೆ, ಮಂಜುಗಡ್ಡೆ ಒತ್ತಿ ಹಿಡಿದಂತೆ ಕಡುನೀಲಿ. ಒಂದೇ ಕಿವಿಗೆ ನೆಗಡಿಯಾಗುವುದುಂಟೇ ಎಂದುಕೊಂಡು ಬಚ್ಚಲಿಗೆ ನಡೆದ.

ಬಚ್ಚಲ ನೆಲ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ನೆಲದ ತುಂಬ ಕೆಂಪು ದೋಣಿಗಳು. ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟೆ, ಅಂಚಿಗೆ ಅಂಚು ತಾಗಿಸಿ ಸಾಲು ಸಾಲಾಗಿ ನಿಲ್ಲಿಸಿದಂತೆ. ಜೀವನವಿಡೀ ಬಟ್ಟೆಗೆ ಇಸ್ತ್ರಿ ಹಾಕಿದವಳು ಕೊನೆಗೆ ಬಚ್ಚಲಿಗೂ ಹಾಕಿಬಿಟ್ಟಿದ್ದಳು, ಒಂದು ಸುಕ್ಕೂ ಇಲ್ಲದ ಹಾಗೆ. ಇಸ್ತ್ರಿ ಪೆಟ್ಟಿಗೆ ಮೂಲೆಯಲ್ಲಿ ಟವೆಲ್ ಹೊದ್ದು ಕೂತಿತ್ತು. ಅದೂ ಪರದೆಯಲ್ಲಿ ಧಗಧಗ ಕೆಂಪು.

"ಒಣಗಿದೆ ಅಲ್ವಾ?" ದೊಡ್ಡಮ್ಮ ಹಿಂದಿನಿಂದ ಕೇಳಿದಳು.

"ಒಣಗಿದೆ. ಮಡಚಿ ಬೀರುವಿನಲ್ಲಿ ಇಡಬಹುದು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಒಬ್ಬಳು ಒಣಗಿಸಿ ಇಟ್ಟಿದ್ದಾಳೆ, ಇನ್ನೊಬ್ಬಳು ನೆನೆಸಿ ಇಟ್ಟಿದ್ದಾಳೆ. ನಡುವೆ ಇರುವ ಪಾಪದ ಸೋರಿಕೆ ಯಾರಿಗೂ ಬೇಡ. ಅವನು ತಲೆ ಚಚ್ಚಿಕೊಳ್ಳುತ್ತ, ಪಕ್ಕದ ಮಲಗುವ ಕೋಣೆಯ ನೆಲವನ್ನೂ ನೋಡಿಬಿಡೋಣವೆಂದು ಕ್ಯಾಮೆರಾ ತಿರುಗಿಸಿದ. ದೊಡ್ಡಮ್ಮ, "ಅಲ್ಲೇನೂ ಇಲ್ಲ, ಅಲ್ಲಿ ಯಾಕೆ" ಎನ್ನುತ್ತ ಅಡ್ಡ ಬಂದಳು. ಅಷ್ಟರಲ್ಲಿ ಚಿತ್ರ ಮೂಡಿಯಾಗಿತ್ತು.

ತಣ್ಣನೆಯ ನೆಲದಲ್ಲಿ, ಮಂಚದ ಪಕ್ಕ, ಒಂದು ಬೆಚ್ಚನೆಯ ಆಕಾರ. ಮೊದಲು ಎರಡು ದುಂಡು, ಅವು ಮಂಡಿ. ಮುಂದೆ ಒಂದು ಅಂಗೈ, ಐದೂ ಬೆರಳು ಬಿಡಿಸಿ ಊರಿದ್ದು. ಅದರ ಪಕ್ಕದಲ್ಲಿ ಒಂದು ಕೆನ್ನೆ, ಕೆನ್ನೆಯ ಕೊನೆಯಲ್ಲಿ ಸಣ್ಣದಾಗಿ ಮಡಚಿಕೊಂಡ ಒಂದು ಕಿವಿ.

"ಇದೇನು ದೊಡ್ಡಮ್ಮ?"

"ಬೆಕ್ಕು ಮಲಗಿತ್ತು."

"ಯಾವ ಬೆಕ್ಕು?"

"ಬರತ್ತೆ ಒಂದು. ಈಗ ಹೋಯ್ತು."

"ಅದಕ್ಕೆ ಐದು ಬೆರಳಿದೆ."

"ಇರತ್ತೆ ಕೆಲವಕ್ಕೆ" ಎಂದು ದೊಡ್ಡಮ್ಮ ಎಡಗಿವಿಯನ್ನು ಉಜ್ಜಿಕೊಂಡಳು. ಆಮೇಲೆ ಅವನ ಮುಖ ನೋಡದೆ ಕೇಳಿದಳು: "ಪೆಟ್ಟಿಗೆ ಎಲ್ಲ ಕಟ್ಟಿ ಆಯ್ತಾ ಅವಳದು? ಮೂರು ದಿನದಿಂದ ಟೇಪ್ ಹರಿಯೋ ಸದ್ದು ಬರ್ತಾ ಇತ್ತು. ನಿನ್ನೆಯಿಂದ ಇಲ್ಲ."

ಆಗ ಅವನಿಗೆ ಎಲ್ಲ ಅರ್ಥವಾಯಿತು. "ಆಯ್ತು" ಎಂದಷ್ಟೇ ಹೇಳಿದ.

ಒದ್ದೆ ಆರಬೇಕು, ಶಾಖ ಇಳಿಯಬೇಕು, ಅಲ್ಲಿಯವರೆಗೆ ಯಂತ್ರದಿಂದ ಪ್ರಯೋಜನವಿಲ್ಲ. ಯಾವ ಮನೆಯಲ್ಲಿ ಕೂತರೂ ಪಕ್ಷಪಾತವಾಗುತ್ತದೆಂದು ಎರಡು ಮನೆಯ ನಡುವಿನ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಮೇಲಿಂದ ಒಂದು ಲೋಟ ಟೀ ಬಂತು, ಕೆಳಗಿನಿಂದ ಒಂದು ಲೋಟ ಟೀ ಬಂತು. ಅದರಿಂದ ಒಂದು ಗುಟುಕು, ಇದರಿಂದ ಒಂದು ಗುಟುಕು ಕುಡಿಯುತ್ತ, ಆ ಕಿವಿಯ ಚಿತ್ರವನ್ನು ಮತ್ತೆ ಮತ್ತೆ ನೋಡಿದ. ಎಷ್ಟು ಮನೆಯ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾನೆ; ಇದನ್ನು ಇಟ್ಟುಕೊಳ್ಳುವುದು ಕಷ್ಟವಾಯಿತು.

ಮಧ್ಯಾಹ್ನ ಕೊನೆಯ ಪರೀಕ್ಷೆ. ಮೇಲಿನ ಬಚ್ಚಲಿಗೆ ಬಿಸಿನೀರು ಸುರಿಯುವುದು, ಕೆಳಗಿನಿಂದ ಚಾವಣಿ ನೋಡುವುದು. ಸೋರಿಕೆ ಎಲ್ಲಿದೆಯೋ ಅಲ್ಲಿ ಈ ಸಲ ಕೆಂಪು ಮೂಡಬೇಕು. ದೊಡ್ಡಮ್ಮ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಮೇಲೆ ನಿಂತಳು. ಅವನು ಕೆಳಗೆ ಏಣಿ ಹತ್ತಿದ.

"ಸುರಿಯೋಕೆ ಹೇಳು, ಚಿಕ್ಕಮ್ಮ. ನನ್ನ ಕೈ ಅಲುಗಬಾರದು."

"ನಾನು ಅವಳ ಹತ್ರ ಮಾತಾಡಲ್ಲ."

"ಮಾತಾಡಬೇಡ. ಕುಟ್ಟು."

ಚಿಕ್ಕಮ್ಮ ಉದ್ದ ಕೋಲು ತೆಗೆದುಕೊಂಡು ಅದರ ಹಿಂತುದಿಯಿಂದ ಚಾವಣಿಗೆ ಠಪ್ ಎಂದು ಕುಟ್ಟಿದಳು. ಇಷ್ಟು ದಿನದ ಸಿಟ್ಟೆಲ್ಲ ಅದರಲ್ಲಿತ್ತು. ಮೇಲಿಂದ ಹಿಮ್ಮಡಿಯಲ್ಲಿ ಧಪ್ ಎಂದು ಉತ್ತರ ಬಂತು, ಅದೂ ಏನು ಕಡಿಮೆ ಇರಲಿಲ್ಲ. ನೀರು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಚ್ಚಲ ಗೋಡೆ ಮತ್ತು ಚಾವಣಿ ಕೂಡುವಲ್ಲಿ, ಪೈಪು ಇಳಿಯುವ ಜಾಗದಲ್ಲಿ, ಒಂದು ಕೆಂಪು ಚುಕ್ಕೆ ಕಣ್ಣು ಬಿಟ್ಟಿತು. ನೋಡನೋಡುತ್ತಿದ್ದಂತೆ ಕಲೆಯ ಕಡೆಗೆ ಒಂದು ಕೆಂಪು ಎಳೆ ಹರಿಯಿತು.

ಮೇಲಿನ ಬಚ್ಚಲ ಪೈಪಿನ ಕೂಡುಗಂಟು. ಸೋರಿಕೆ ದೊಡ್ಡಮ್ಮನದೇ. ಚಿಕ್ಕಮ್ಮ ಮೊದಲ ದಿನ ಹೇಳಿದ್ದು ಅಕ್ಷರಶಃ ನಿಜ.

ಅವನು ಏಣಿಯಿಂದ ಕ್ಯಾಮೆರಾ ಕೆಳಗೆ ಚಾಚಿದ. ಅವಳು ಕುಣಿಯುತ್ತಾಳೆ, ಮೆಟ್ಟಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಹೇಳುತ್ತಾಳೆ ಎಂದುಕೊಂಡಿದ್ದ. ಚಿಕ್ಕಮ್ಮ ಆ ಚುಕ್ಕೆಯನ್ನು ಸುಮ್ಮನೆ ನೋಡುತ್ತ ನಿಂತಳು.

"ಇಷ್ಟೇನಾ?"

"ಇಷ್ಟೇ. ಒಂದು ಟೈಲ್ ಎಬ್ಬಿಸಿ ವಾಷರ್ ಬದಲಾಯಿಸಿದ್ರೆ ಆಯ್ತು. ಸಂಜೆ ಒಳಗೆ ಮುಗಿಯತ್ತೆ."

"ನಾನೇ ಸರಿ ಆಗಿದ್ದೆ" ಎಂದು ಚಿಕ್ಕಮ್ಮ ಮೆಲ್ಲಗೆ ಹೇಳಿದಳು. ಗೆದ್ದವರ ಧ್ವನಿಯಾಗಿರಲಿಲ್ಲ ಅದು. ಅವಳ ಕಣ್ಣು ಬಾಗಿಲಾಚೆ, ಕಟ್ಟಿಟ್ಟ ಪೆಟ್ಟಿಗೆಗಳ ಮೇಲೆ ಹೋಯಿತು. ತಾನೇ ಸರಿ ಎಂದಾದ ಮೇಲೆ ಅವಳಿಗೆ ಮನೆ ಬಿಟ್ಟು ಹೋಗಲು ಇನ್ನೂ ದೊಡ್ಡ ಕಾರಣ ಸಿಕ್ಕಂತಾಗಿತ್ತು. ಹೋಗದೆ ಉಳಿಯೋಣವೆಂದರೆ ಅಕ್ಕ ಇನ್ನೂ ಸೋಲು ಒಪ್ಪಿಕೊಂಡಿಲ್ಲ. ಅವನು ಅವಳ ಮುಖ ನೋಡಿದ. ಇಷ್ಟು ವರ್ಷ ಪಾಲಿಸಿದ ಕಟ್ಟಪ್ಪಣೆ ನೆನಪಾಯಿತು. ಆದರೆ ಇದು ಇನ್ನೊಂದು ಮನೆಯೇ? ತನಗೆಂದಾದರೂ ಇವು ಎರಡು ಮನೆಯಾಗಿದ್ದವೇ?

"ಹಿಂದಿನ ಚಿತ್ರಗಳೂ ಇವೆ. ಈ ಗುಂಡಿ ಒತ್ತಿದ್ರೆ ಬರತ್ತೆ" ಎಂದು ಹೇಳಿ, ಏಣಿಯಿಂದ ಇಳಿದು, ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದ. ನಲ್ಲಿ ಬಿಡದೆ ಬಾಗಿಲ ಸಂದಿಯಲ್ಲಿ ನಿಂತ.

ಮೊದಲು ಚಿಕ್ಕಮ್ಮನ ನಗು ಕೇಳಿಸಿತು. "ಬಚ್ಚಲಿಗೆ ಇಸ್ತ್ರಿ ಹಾಕಿದಾಳೆ, ಅಯ್ಯೋ ದೇವರೇ." ಸೊಂಟಕ್ಕೆ ಕೈ ಕೊಟ್ಟು ನಕ್ಕಳು. ಆಮೇಲೆ ನಗು ನಿಂತಿತು.

"ಲೋ, ಇದೇನಿದು? ನೆಲದ ಮೇಲೆ?"

"ಬೆಕ್ಕಂತೆ."

"ಅವಳಿಗೆ ಬೆಕ್ಕು ಕಂಡ್ರೆ ಆಗಲ್ಲ. ಬಾಲ ಕಂಡ್ರೂ ಕುರ್ಚಿ ಹತ್ತುತಾಳೆ." ಪರದೆಯನ್ನು ಹತ್ತಿರ ತಂದಳು, ದೂರ ಹಿಡಿದಳು. "ಇದು ನನ್ನ ಮಂಚದ ನೇರ ಮೇಲೆ ಬರೋ ಜಾಗ. ನಾನು ಕೂತು ಒಬ್ಬಳೇ ಮಾತಾಡ್ಕೊಳ್ಳೋ ಜಾಗ." ಗೋಡೆ ಹಿಡಿದು ನಿಂತಳು. "ಹಾಗಾದ್ರೆ ನಾನು ಬೈದದ್ದೆಲ್ಲ?"

"ಕೇಳಿರಬಹುದು."

"ಅತ್ತದ್ದು?"

ಅವನು ಅಡುಗೆಮನೆಯಿಂದ ಬಂದು ಅವಳ ಪಕ್ಕ ನಿಂತ. ಮಂಡಿ ಮಡಚಲು ಕಷ್ಟಪಡುವ ಅಕ್ಕ, ಮೆಟ್ಟಿಲಿಳಿದು ಬರಲು ಬಿಗುಮಾನ ಅಡ್ಡ ಬಂದಾಗ, ತಣ್ಣನೆಯ ನೆಲಕ್ಕೆ ಬಗ್ಗಿ ಕೆನ್ನೆ ಕೊಟ್ಟು ತಂಗಿಯ ಸದ್ದು ಕೇಳುತ್ತಿದ್ದಳು. ಚಿಕ್ಕಮ್ಮ ಕ್ಯಾಮೆರಾವನ್ನು ಮಂಚದ ಮೇಲಿಟ್ಟು ಚಾವಣಿಯತ್ತ ಮುಖವೆತ್ತಿದಳು. ಕೋಲಿನಿಂದ ಕುಟ್ಟಲಿಲ್ಲ, ಕೂಗಲೂ ಇಲ್ಲ. ಎದುರಿಗೆ ಕೂತವರೊಡನೆ ಆಡುವಂತೆ ಹೇಳಿದಳು.

"ಅಕ್ಕಾ, ಏಳು. ನೆಲ ತಣ್ಣಗಿದೆ. ಆಮೇಲೆ ಕಿವಿ ನೋವು ಅಂದ್ರೆ ಯಾರು ಎಣ್ಣೆ ಬಿಡೋದು?"

ಇಬ್ಬರೂ ಚಾವಣಿ ನೋಡುತ್ತ ನಿಂತರು.

"ನಾನೇನೂ ಕೇಳಿಸ್ಕೊಳ್ತಾ ಇಲ್ಲ" ಎಂದು ಮೇಲಿನಿಂದ ದೊಡ್ಡಮ್ಮನ ಧ್ವನಿ ಬಂತು.

"ಸರಿ. ಕೇಳಿಸ್ಕೊಳ್ಳದೇ ಇದ್ರೆ ಊಟಕ್ಕೆ ಇಳಿದು ಬಾ."

ಮಂಡಿಗಳು ಲಟಲಟ ಎಂದವು. ಹೆಜ್ಜೆಗಳು ಬಾಗಿಲ ಕಡೆ ನಡೆದವು, ಬಾಗಿಲ ಚಿಲಕ ಸರಿಯಿತು. ಚಿಕ್ಕಮ್ಮ ಮೂಗೊರೆಸಿಕೊಂಡು ಹಜಾರಕ್ಕೆ ಬಂದು, ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಮುಂದಿದ್ದುದನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. "ನೋಡ್ತಾ ನಿಂತ್ಕೋಬೇಡ, ಬೇಗ ಬಿಚ್ಚು. ಅವಳ ತಟ್ಟೆ ಇದರಲ್ಲಿದೆ."

ಅವನು ಟೇಪ್ ಹರಿದ. ಚಿಕ್ಕಮ್ಮ ತನ್ನ ಸ್ವಂತ ತಟ್ಟೆಗಳನ್ನೆಲ್ಲ ಹಾಗೇ ಒಂದರ ಮೇಲೊಂದು ಪೇರಿಸಿದ್ದಳು. ಅವುಗಳ ನಡುವೆ, ದಪ್ಪ ಟವೆಲಿನಲ್ಲಿ ಸುತ್ತಿ, ಅದರ ಮೇಲೆ ಮತ್ತೊಂದು ಟವೆಲ್ ಸುತ್ತಿ, ಊರಾಚೆಯ ಮನೆಗೆ ಹೊರಟು ನಿಂತಿತ್ತು ಆ ಅಂಚು ಮುಕ್ಕಾದ ತಟ್ಟೆ.